ಸುಣ್ಣದಕ್ಕ ಬೈದದ್ದು

ದೊಡ್ಡ ಜನ ಮನೆಗೆ ಬರುತ್ತಾರೆ ಅಂದರೆ ಏನು ಮಾಡಬೇಕು? ಮನೆ ತೊಳೆಯಬೇಕು. ಸುಣ್ಣದಕ್ಕ ತೊಳೆದಳು. ಅವಳು ಮಾಡಿದ ತಪ್ಪು ಅದೇ.

ಬರುವವರು ಬಡತನ ನೋಡುವುದಕ್ಕೇ ಬರುತ್ತಿದ್ದಾರೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಏನನ್ನೂ ಮುಟ್ಟದೆ ಬಿಡುತ್ತಿದ್ದಳು. ತೋರಿಸಲು ಬೇಕಾದಷ್ಟಿತ್ತು. ಒಂದೇ ಕೋಣೆ, ತಗಡಿನ ಮಾಡು, ಬಾಗಿಲ ಮುಂದೆ ಕಾರ್ಖಾನೆಯ ಮೋರಿ. ಆದರೆ ಅವಳು ಕಾರ್ಖಾನೆಯ ಮೇಸ್ತ್ರಿಯ ಹತ್ತಿರ ಕಾಡಿ ಬೇಡಿ ಒಂದು ಬುಟ್ಟಿ ಸುಣ್ಣ ತಂದು ಗೋಡೆಗೆ ಎರಡೆರಡು ಸಲ ಬಳಿದಳು. ಬೀದಿಯವರೂ ಸುಮ್ಮನೆ ಕೂರಲಿಲ್ಲ. ಪಕ್ಕದ ಮನೆಯ ಚಿಕ್ಕಮ್ಮ ತನ್ನ ಸೋಫಾ ಹೊತ್ತು ತಂದಳು. ಎದುರು ಮನೆಯಿಂದ ಫ್ರಿಡ್ಜ್ ಬಂತು. ಮೂಲೆ ಮನೆಯವನು ಗೋಡೆ ಗಡಿಯಾರ ಬಿಚ್ಚಿ ಕೊಟ್ಟ. ನಮ್ಮ ಹುಡುಗಿ ಅಮೆರಿಕಕ್ಕೆ ಹೋಗುತ್ತಾಳೆ, ಬೀದಿಯ ಮಾನದ ಪ್ರಶ್ನೆ ಅಂದರು ಎಲ್ಲರೂ.

ಸುಣ್ಣದಕ್ಕ ಅಂದರೆ ತೊಗಲು ಹದ ಮಾಡುವ ಕಾರ್ಖಾನೆಯಲ್ಲಿ ಸುಣ್ಣದ ಗುಂಡಿಗೆ ಇಳಿಯುವವಳು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಎಲ್ಲೋ ಬಿದ್ದಿದೆ, ಯಾರೂ ಕರೆಯುವುದಿಲ್ಲ. ಉಪ್ಪು ಸವರಿದ ಹಸಿ ತೊಗಲು ಲಾರಿಯಲ್ಲಿ ಬರುತ್ತದೆ. ಕೂದಲು ಸಡಿಲ ಆಗುವವರೆಗೆ ಅದನ್ನು ಸುಣ್ಣದ ನೀರಲ್ಲಿ ನೆನೆಹಾಕಬೇಕು. ಹಾಕಿ ಬಂದರೆ ಆಗಲಿಲ್ಲ. ತೊಡೆವರೆಗೂ ಇಳಿದು ಒಂದೊಂದನ್ನೇ ಎಳೆದು ಮಗುಚಬೇಕು. ನೀರು ಕುಡಿದ ತೊಗಲು ಒಂದೊಂದೂ ಹೆಣದಷ್ಟು ಭಾರ. ಸುಣ್ಣ ಕಾಲಿನ ಬೆರಳ ಸಂದಿ ತಿನ್ನುತ್ತದೆ. ಉಗುರು ತಿನ್ನುತ್ತದೆ. ಆಮೇಲೆ ಮಾಂಸಕ್ಕೆ ಬರುತ್ತದೆ. ಬಸ್ಸಲ್ಲಿ ಅವಳು ಕೂತರೆ ಪಕ್ಕದವರು ಮೂಗು ಮುಚ್ಚಿಕೊಂಡು ಏಳುತ್ತಾರೆ. ಹಾಗಾಗಿ ಅವಳು ಬಸ್ಸಲ್ಲಿ ಕೂರುವುದನ್ನೇ ಬಿಟ್ಟಿದ್ದಳು. ಗಂಡ ಇದೇ ಕಾರ್ಖಾನೆಯ ಹೊಲಸು ನೀರಿನ ತೊಟ್ಟಿ ಬಳಿದು ತೊಳೆಯಲು ಇಳಿದವನು ಮೇಲೆ ಬಂದಿರಲಿಲ್ಲ. ಮಗಳೊಬ್ಬಳೇ. ಆ ಮಗಳ ಕಾಲು ಸುಣ್ಣದ ನೀರಿಗೆ ತಾಗಕೂಡದು ಅನ್ನುವುದೊಂದೇ ಅವಳ ಹಟ. ರಜೆಯಲ್ಲಿ ಸಹ ಹುಡುಗಿಯನ್ನು ಕಾರ್ಖಾನೆಯ ಗೇಟು ದಾಟಿಸಿದವಳಲ್ಲ.

ಮಗಳು ಓದಿದಳು. ಶಾಲೆಯಲ್ಲಿ ನಾತ ಬರುತ್ತೆ ಅಂತ ಕಿಟಕಿ ಪಕ್ಕದ ಕೊನೆ ಬೆಂಚಿಗೆ ತಳ್ಳಿದರು. ಅಲ್ಲೇ ಕೂತು ಓದಿದಳು. ಕಾಲೇಜಿಗೆ ಹೋಗಿ ಕೆಮಿಸ್ಟ್ರಿ ಓದ್ತೀನಿ ಅಂದಾಗ ಸುಣ್ಣದಕ್ಕ ಕೇಳಿದ್ದಳು, "ಹಂಗಂದ್ರೆ ಏನೇ?"

"ನಿನ್ನ ಗುಂಡಿಯೊಳಗೆ ಕುದೀತಿರುತ್ತಲ್ಲ, ಅದೇ."

"ಅಯ್ಯೋ, ಅದನ್ನ ಕಲಿಯೋಕೆ ಅಲ್ಲೀತನಕ ಯಾಕೆ? ನಾನೇ ಹೇಳಿಕೊಡ್ತೀನಿ ಬಾ." ಇಬ್ಬರೂ ನಕ್ಕಿದ್ದರು.

ಅಮೆರಿಕದ ಒಂದು ಯೂನಿವರ್ಸಿಟಿ ಅವಳಿಗೆ ಸೀಟು ಕೊಟ್ಟಿತು. ಸೀಟು ಸಿಗುವುದು ಬೇರೆ, ಹೋಗಿ ಕೂರುವುದು ಬೇರೆ. ಆ ದೇಶದ ಮಕ್ಕಳಿಗೆ ಅವರ ಸರ್ಕಾರ ಸಾಲ ಕೊಡುತ್ತದಂತೆ. ಹೊರಗಿನಿಂದ ಹೋದವರಿಗೆ ಇಲ್ಲವಂತೆ. ಸರಿ, ಹೋಟೆಲಲ್ಲಿ ಪಾತ್ರೆ ತೊಳೆದಾದರೂ ಕಟ್ಟುತ್ತೀನಿ ಅಂದರೆ ಅದಕ್ಕೂ ಬಿಡುವುದಿಲ್ಲವಂತೆ. ಯೂನಿವರ್ಸಿಟಿ ಅರ್ಧ ಶುಲ್ಕ ಬಿಟ್ಟಿತು. ಉಳಿದರ್ಧ ಅಲ್ಲಿಯ ದಾನಿಗಳ ಒಂದು ಟ್ರಸ್ಟ್ ಕೊಡಬೇಕು. ಆ ಟ್ರಸ್ಟಿನವರು ಅರ್ಜಿ ಹಾಕಿದ ಮಕ್ಕಳ ಮನೆಗಳಿಗೆ ಹೋಗಿ ಒಂದೊಂದು ಸಣ್ಣ ಫಿಲ್ಮ್ ಮಾಡಿಕೊಳ್ಳುತ್ತಾರೆ. ದಾನಿಗಳು ಊಟಕ್ಕೆ ಕೂತು ನೋಡುತ್ತಾರೆ. ಯಾವ ಮನೆ ನೋಡಿ ಕಣ್ಣಲ್ಲಿ ನೀರು ಬಂತೋ ಆ ಮನೆಯ ಮಗುವಿಗೆ ಓದು. ಉಳಿದವರಿಗೆ ಶುಭಾಶಯ.

ಫಿಲ್ಮಿಗೆ ಬಂದವರು ಇಬ್ಬರು. ಒಬ್ಬ ಕ್ಯಾಮೆರಾದವನು. ಇನ್ನೊಬ್ಬಳು ಟ್ರಸ್ಟಿನ ಮೇಡಂ, ನಮ್ಮ ಮಾತಿನವಳೇ. ಮೇಡಂ ಒಳಗೆ ಬಂದು ಬಿಳಿ ಗೋಡೆ ನೋಡಿದಳು, ಸೋಫಾ ನೋಡಿದಳು, ಫ್ರಿಡ್ಜ್ ನೋಡಿದಳು. ಮುಖ ಕಪ್ಪಾಯಿತು.

"ಇದು ಯಾರ ಮನೆ?"

"ನಮ್ಮದೇ ಮೇಡಂ. ಕೂತ್ಕೊಳ್ಳಿ."

"ಅರ್ಜಿಯಲ್ಲಿ ಬೇರೆ ಥರ ಬರೆದಿದ್ದೀರಿ. ಸುಳ್ಳು ಬರೆದಿದ್ರೆ ಈಗಲೇ ಹೇಳಿ, ನಮ್ಮ ಟೈಮ್ ಉಳಿಯುತ್ತೆ."

ಚಿಕ್ಕಮ್ಮ ಬಾಗಿಲಲ್ಲೇ ಬಾಯಿ ಬಡಿದುಕೊಂಡಳು. "ಅಯ್ಯಯ್ಯೋ, ಸೋಫಾ ನಂದು ತಾಯಿ! ಫ್ರಿಡ್ಜ್ ಎದುರು ಮನೇದು, ಅದು ಓಡಲ್ಲ, ಅವಳು ಅದ್ರಲ್ಲಿ ಬಟ್ಟೆ ಇಡ್ತಾಳೆ! ಗಡಿಯಾರ ನೋಡಿ, ಅದೂ ನಿಂತಿದೆ!"

ಮೇಡಂ ನಗಲಿಲ್ಲ. ಎಲ್ಲ ಆಚೆ ಇಡಿ ಅಂದಳು. ಬೀದಿಯವರು ತಂದದ್ದನ್ನು ಹೊತ್ತು ಹೊರಗಿಟ್ಟರು. ಚಿಕ್ಕಮ್ಮ ನಡುಬೀದಿಯಲ್ಲಿ ತನ್ನ ಸೋಫಾದ ಮೇಲೆ ಕೂತು ಇದೆಲ್ಲ ಏನು ಅಂತ ಕಣ್ಣು ಬಾಯಿ ಬಿಟ್ಟಳು.

ಆಮೇಲೆ ಗೋಡೆ. ಇಷ್ಟು ಬಿಳಿ ಇದ್ದರೆ ಆಗಲ್ಲ ಅಂದ ಕ್ಯಾಮೆರಾದವನು. "ಸ್ವಲ್ಪ ಕೊಳೆ ಮಾಡಬಹುದಾ?" ಅಂತ ಮೇಡಂ ಕೇಳಿದಳು, ಟೀ ಕೊಡ್ತೀರಾ ಅನ್ನುವಷ್ಟು ಸಲೀಸಾಗಿ. ಸುಣ್ಣದಕ್ಕ ಒಲೆಯ ಮಸಿ ತಂದಳು. ರಟ್ಟೆ ಬಿದ್ದು ಹೋಗುವಂತೆ ಬಳಿದ ಗೋಡೆಗೆ ತನ್ನ ಕೈಯಾರೆ ಮಸಿ ಒರೆಸಿದಳು. ಇನ್ನೂ ಸ್ವಲ್ಪ, ಆ ಮೂಲೆಗೆ, ಹಾಂ, ಅನ್ನುತ್ತಿದ್ದಳು ಮೇಡಂ. ಮಗಳು ತಲೆ ತಗ್ಗಿಸಿ ನಿಂತಿದ್ದಳು. ಸುಣ್ಣದಕ್ಕ ಉಟ್ಟಿದ್ದ ಒಳ್ಳೆ ಬಟ್ಟೆ ಬಿಚ್ಚಿಸಿದರು, ಗುಂಡಿಯ ಬಟ್ಟೆ ಹಾಕಿಸಿದರು. ಉಜ್ಜಿ ಉಜ್ಜಿ ತೊಳೆದಿದ್ದ ಕೈ ನೋಡಿ ಮೇಡಂ ಬೇಜಾರು ಮಾಡಿಕೊಂಡಳು. ಥೂ, ಇದನ್ನೆಲ್ಲ ಹೇಳುವುದಕ್ಕೇ ನಾಲಿಗೆ ಉರಿಯುತ್ತದೆ.

"ನಿಮ್ಮ ಯಜಮಾನರು ತೀರಿಕೊಂಡದ್ದು ಎಲ್ಲಿ?"

"ಕಾರ್ಖಾನೆ ಹಿಂದೆ, ತೊಟ್ಟೀಲಿ."

"ಅಲ್ಲೇ ನಿಂತ್ಕೋತೀರಾ? ಸುಮ್ನೆ ಒಳಗೆ ನೋಡ್ತಿರಿ. ಅಳು ಬಂದ್ರೆ ತಡೀಬೇಡಿ."

ಹೋಗಿ ನಿಂತಳು. ನೋಡಿದಳು. ಅಳು ಬರಲಿಲ್ಲ. ಗಂಡ ಸತ್ತಾಗ ಅಳಲು ಇವರನ್ನು ಕೇಳಿರಲಿಲ್ಲ, ಈಗ ಇವರು ಕೇಳಿದರೆ ಎಲ್ಲಿಂದ ತರುವುದು? ಕಣ್ಣಿಗೆ ಹಚ್ಚಿಕೊಳ್ಳಲು ಏನೋ ಇದೆ ಅಂದ ಕ್ಯಾಮೆರಾದವನು. ಬೇಡಪ್ಪಾ, ಸುಣ್ಣಕ್ಕೇ ಕಣ್ಣು ಅರ್ಧ ಹೋಗಿದೆ ಅಂದಳು.

ಕಾರ್ಖಾನೆಯ ಮಾಲೀಕರಿಗೆ ಟ್ರಸ್ಟಿನಿಂದ ಮೊದಲೇ ಫೋನ್ ಬಂದಿತ್ತು, ಮೇಸ್ತ್ರಿ ಎಲ್ಲರನ್ನೂ ಗುಂಡಿಯವರೆಗೆ ಬಿಟ್ಟ. ಗೇಟಿನೊಳಗೆ ಮಗಳು ಕಾಲಿಟ್ಟದ್ದು ಅದೇ ಮೊದಲು. ಮೂಗು ಮುಚ್ಚಿಕೊಳ್ಳಬಾರದು ಅಂತ ಹುಡುಗಿ ತುಟಿ ಕಚ್ಚಿ ಹಿಡಿದಿದ್ದಳು. ಮೇಡಂ ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದಳು.

ಸುಣ್ಣದಕ್ಕ ಇಳಿದಳು. ಇದರಲ್ಲಿ ಅವಳಿಗೆ ಅವಮಾನವಿಲ್ಲ, ಇದು ಅವಳ ಕೆಲಸ. ಬಗ್ಗಿದಳು, ತೊಗಲಿನ ಅಂಚು ಹಿಡಿದಳು, ಎಳೆದಳು, ಮಗುಚಿದಳು. ಇನ್ನೊಂದು ಸಲ ಅಂದರು. ಮಗುಚಿದಳು. ಬೆಳಕು ಸರಿ ಇಲ್ಲ, ಈ ಕಡೆಯಿಂದ ಅಂದರು. ಮಗುಚಿದಳು. ಬೇಗ ಮಾಡಬೇಡಿ, ಕಷ್ಟಪಟ್ಟು ಮಾಡಿ ಅಂದರು. ಕಷ್ಟಪಟ್ಟೇ ಮಾಡ್ತಿದ್ದೀನಲ್ಲ ಅಂದಳು. ಒಂದು ದಿನದ ಕೆಲಸ ಆಗಿಹೋಯಿತು, ಇವರದ್ದು ಮುಗಿಯಲಿಲ್ಲ. ಮಗಳ ಮುಖ ನೋಡಿದಳು. ಆಗಲಿ, ಇವಳಿಗಾಗಿ ಇನ್ನೂ ನೂರು ಮಗುಚುತ್ತೀನಿ ಅಂದುಕೊಂಡಳು.

ಆಗ ಮೇಡಂ ಮಗಳ ಭುಜದ ಮೇಲೆ ಕೈಯಿಟ್ಟಳು. "ನೀನೂ ಇಳಿಯಮ್ಮ. ಅಮ್ಮನ ಪಕ್ಕ. ಓದು ಸಿಗದಿದ್ರೆ ನಿನ್ನ ಗತಿ ಏನು ಅಂತ ಅವರಿಗೆ ಕಾಣಬೇಕು. ಎರಡೇ ನಿಮಿಷ."

ಮಗಳು ಚಪ್ಪಲಿ ಬಿಟ್ಟಳು.

"ಏಯ್, ಇಳೀಬೇಡ," ಅಂದಳು ಸುಣ್ಣದಕ್ಕ.

"ಎರಡು ನಿಮಿಷ ತಾನೇ ಅಮ್ಮ."

"ಇಳೀಬೇಡ ಅಂದೆ!"

"ಸೀಟು ಹೋಗುತ್ತಮ್ಮ!" ಅಂತ ಹುಡುಗಿ ಒಂದು ಕಾಲು ಇಟ್ಟೇಬಿಟ್ಟಳು. ಬಿಸಿ ತಾಗಿದವಳಂತೆ ಮುಖ ಕಿವುಚಿದಳು. ಚೆನ್ನಾಗಿದೆ, ಹಾಗೇ ಇರು, ಕ್ಯಾಮೆರಾ ನೋಡು ಅಂದಳು ಮೇಡಂ.

ಸುಣ್ಣದಕ್ಕನಿಗೆ ಏನು ಹತ್ತಿತೋ. ಎರಡೂ ಕೈ ಮಗಳ ಎದೆಗೆ ಕೊಟ್ಟು ಹಿಂದಕ್ಕೆ ನೂಕಿದಳು. ಹುಡುಗಿ ಕಲ್ಲಿನ ಮೇಲೆ ಬಿದ್ದಳು. ಸುಣ್ಣದಕ್ಕ ಕಾಲಡಿಯ ಹಸಿ ತೊಗಲು ಎತ್ತಿದಳು, ಇಬ್ಬರು ಸೇರಿ ಎತ್ತುವ ತೊಗಲು ಅದು, ಎತ್ತಿ ಕ್ಯಾಮೆರಾ ಕಡೆಗೆ ಬೀಸಿ ಒಗೆದಳು. ತೊಗಲು ಅಲ್ಲಿಯವರೆಗೆ ಹೋಗಲಿಲ್ಲ. ಮೇಡಮ್ಮನ ಕಾಲ ಮುಂದೆ ಬಿದ್ದು ಸುಣ್ಣದ ನೀರು ಅವಳ ಬಟ್ಟೆಗೆ ಹಾರಿತು. ಎಸೆದ ಕೈ ಹಾಗೇ ಮುಂದಕ್ಕೆ ಚಾಚಿಕೊಂಡೇ ಸುಣ್ಣದಕ್ಕ ಕೂಗಿದಳು.

"ನನ್ನ ಮಗಳ ಕಾಲು ಈ ನೀರಿಗೆ ತಾಗಬಾರ್ದು ಅಂತ ನನ್ನ ಕಾಲು ಕೊಟ್ಟಿದ್ದೀನಿ ಕಣ್ರೇ! ಓದಿಸ್ತೀವಿ ಅಂತ ಬಂದು ಗುಂಡಿಗೇ ಇಳಿಸ್ತೀರಲ್ಲ, ಹೊಟ್ಟೆಗೆ ಏನು ತಿಂತೀರಿ ನೀವು? ಕೊಡೋದಿದ್ರೆ ಕೊಡಿ. ಇಲ್ಲಾಂದ್ರೆ ಎದ್ದು ಹೋಗಿ. ಅಳೋಕೆ ನಾವು ಕೂಲಿಗೆ ಬಂದಿಲ್ಲ!"

ಕಾರ್ಖಾನೆಯೇ ನಿಂತು ನೋಡುತ್ತಿತ್ತು. ಕ್ಯಾಮೆರಾದವನು ಮೇಡಂ ಮುಖ ನೋಡಿದ, ಇನ್ನೊಂದು ಸಲ ಮಾಡೋಣವಾ ಅನ್ನುವ ಹಾಗೆ. ಮೇಡಂ ಬಟ್ಟೆ ಒರೆಸಿಕೊಂಡಳು. "ಬೇಡ. ಸಾಕು," ಅಂದಳು. ಹೊರಟುಹೋದರು.

ಮನೆಗೆ ಬಂದ ಮೇಲೆ ಮಗಳು ಮಾತು ಬಿಟ್ಟಳು. ಊಟ ಬಿಟ್ಟಳು. "ಎರಡು ನಿಮಿಷ ಸುಮ್ನಿರೋಕಾಗ್ಲಿಲ್ಲ ನಿನಗೆ" ಅನ್ನುವುದೊಂದೇ ಮಾತು, ಅದೂ ಗೋಡೆಯ ಕಡೆ ತಿರುಗಿ. ಸುಣ್ಣದಕ್ಕ ಮಸಿ ಹಿಡಿದ ಗೋಡೆಯ ಕೆಳಗೆ ಕಾಲು ನೀಡಿ ಕೂತು, ನನ್ನ ಬಾಯಿಗೆ ಬೆಂಕಿ ಬೀಳ ಅಂತ ತನ್ನನ್ನು ತಾನೇ ಶಪಿಸಿಕೊಂಡಳು.

ಆದರೆ ದುಡ್ಡು ಬಂತು! ದಾನಿಗಳು ಈ ಹುಡುಗಿಯನ್ನೇ ಆರಿಸಿದರು ಅಂತ ಸುದ್ದಿ ಬಂತು. ಬೀದಿ ಕುಣಿಯಿತು. ಮಗಳು ಅಮ್ಮನ ಕುತ್ತಿಗೆಗೆ ಜೋತುಬಿದ್ದು ಅತ್ತಳು. ಸುಣ್ಣದಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದುಡ್ಡಿಗಿಂತ ದೊಡ್ಡದೊಂದು ಅವಳಿಗೆ ಸಿಕ್ಕಿತ್ತು. ಎದುರು ನಿಂತು ಬೈದಿದ್ದಳು, ಬೈಸಿಕೊಂಡೂ ಅವರು ಕೊಟ್ಟಿದ್ದರು. ಸಿಕ್ಕಸಿಕ್ಕವರಿಗೆ ಹೇಳಿದಳು. "ದೊಡ್ಡ ಮನಸ್ಸು ಕಣ್ರೇ ಆ ದೇಶದವರದ್ದು. ನಾನು ಹಂಗೆ ಉಗಿದೆ, ನಿಜ ಹೇಳಿದ್ಳು ಈ ಹೆಂಗಸು ಅಂತ ಕೊಟ್ರು. ನಾವೇ ಸುಮ್ನೆ ಹೆದರಿ ಸಾಯ್ತೀವಿ, ಬಾಯಿ ಬಿಟ್ಟು ಕೇಳಿದ್ರೆ ಕೇಳಿಸ್ಕೊಳ್ಳೋರು ಇದ್ದಾರೆ." ಅವಳ ಮಾತು ನಂಬಿ ಪಕ್ಕದ ಗುಂಡಿಯವಳು ಮೇಸ್ತ್ರಿಯ ಮೇಲೆ ಬಾಯಿ ಮಾಡಿದಳು. ಅವಳನ್ನು ಅವತ್ತೇ ಗೇಟಿನಿಂದ ಆಚೆ ಹಾಕಿದರು. ಆದರೂ ಸುಣ್ಣದಕ್ಕನ ನಂಬಿಕೆ ಕದಲಲಿಲ್ಲ. ಇಲ್ಲಿಯವರಿಗೆ ಮಾನ ಇಲ್ಲ, ಅಲ್ಲಿಯವರಿಗೆ ಇದೆ ಅಂದಳು.

ಮಗಳು ಹೋಗಿ ವರ್ಷ ಆಗುತ್ತಾ ಬಂತು. ಒಂದು ದಿನ ಬೆಳಿಗ್ಗೆ ಟೀ ಬಿಡುವಿನಲ್ಲಿ ವಿಡಿಯೋ ಕಾಲ್ ಬಂತು. ಅಲ್ಲಿ ದಾನಿಗಳ ಊಟ. ಮುಂದಿನ ವರ್ಷದ ದುಡ್ಡು ಅಲ್ಲೇ ಎತ್ತುವುದು, ಓದುವ ಮಕ್ಕಳೂ ಬಂದು ಕೂರಬೇಕು. ಮಗಳು ಪಿಸುಗುಟ್ಟಿದಳು, "ನಿನ್ನ ಫಿಲ್ಮ್ ಹಾಕ್ತಾರಂತೆ ಅಮ್ಮ. ನಾನೂ ನೋಡಿಲ್ಲ. ನೋಡ್ತಿರು." ಫೋನನ್ನು ನೀರಿನ ಲೋಟಕ್ಕೆ ಆನಿಸಿ ಪರದೆಯ ಕಡೆ ತಿರುಗಿಸಿದಳು. ಇಲ್ಲಿ ಗುಂಡಿಯ ಹೆಂಗಸರೆಲ್ಲ ಸುಣ್ಣದಕ್ಕನ ಹೆಗಲ ಮೇಲೆ ಬಿದ್ದರು.

ಮಸಿಯ ಗೋಡೆ ಬಂತು. ತೊಟ್ಟಿ ಬಂತು. ಗುಂಡಿ ಬಂತು. ಆಮೇಲೆ ಸುಣ್ಣದಕ್ಕ, ಕೈ ಚಾಚಿಕೊಂಡು ಕೂಗುತ್ತಿದ್ದಾಳೆ. ತೊಗಲು ಎಸೆದದ್ದಿಲ್ಲ, ಮಗಳನ್ನು ನೂಕಿದ್ದಿಲ್ಲ. ಆದರೆ ಮಾತು ಅವಳದೇ, ದನಿ ಅವಳದೇ, ಒಂದಕ್ಷರ ಬಿಡದೆ.

"ಅಯ್ಯೋ ಅಕ್ಕಾ, ಬೈದದ್ದನ್ನ ಹಂಗೇ ಹಾಕಿದ್ದಾರಲ್ಲೇ!"

"ನಾನು ಹೇಳಿರ್ಲಿಲ್ವಾ? ಮಾನ ಇರೋ ಜನ," ಅಂದಳು ಸುಣ್ಣದಕ್ಕ. ಅಲ್ಲಿ ಮೇಜಿನ ಸುತ್ತ ಕೂತವರು ಕಣ್ಣೊರೆಸಿಕೊಳ್ಳುತ್ತಿದ್ದರು. ಎದ್ದು ನಿಂತು ಚಪ್ಪಾಳೆ ತಟ್ಟಿದರು. ತನ್ನ ಬೈಗುಳಕ್ಕೆ ಅಷ್ಟು ಜನ ಎದ್ದು ನಿಂತದ್ದು ನೋಡಿ ಸುಣ್ಣದಕ್ಕನ ಎದೆ ಉಬ್ಬಿತು.

ಮಗಳ ಮುಖ ಫೋನಿಗೆ ಬಂತು. ರಕ್ತ ಇಳಿದುಹೋದ ಮುಖ.

"ಏನೇ, ಏನಾಯ್ತು?"

"ಕೆಳಗೆ ಬೇರೆ ಬರೆದಿದ್ದಾರಮ್ಮ."

"ಎಲ್ಲಿ ಕೆಳಗೆ?"

"ನೀನು ಮಾತಾಡೋವಾಗ ಪರದೆ ಕೆಳಗೆ ಅವರ ಭಾಷೇಲಿ ಬರುತ್ತೆ, ನೀನು ಏನಂತಿದ್ದೀಯ ಅಂತ. ಅದು ನೀನಂದದ್ದಲ್ಲ."

"ಏನ್ ಬರೆದಿದ್ದಾರೆ? ಓದು."

ಮಗಳು ಬೇಡ ಅಂದಳು. ಸುಣ್ಣದಕ್ಕ ಬಿಡಲಿಲ್ಲ. ಮಗಳು ಹೇಳಿದಳು. "ಸ್ವಾಮಿ, ನಿಮ್ಮ ಕಾಲಿಗೆ ಬೀಳ್ತೀನಿ. ಈ ಗುಂಡಿಯಿಂದ ನನ್ನ ಮಗಳನ್ನ ಎತ್ಕೊಳ್ಳಿ. ನಮಗೆ ನಿಮ್ಮನ್ನ ಬಿಟ್ರೆ ಯಾರೂ ದಿಕ್ಕಿಲ್ಲ. ನೀವೇ ದೇವ್ರು."

ಮೇಡಂಗೆ ಭಾಷೆ ಬರುತ್ತಿತ್ತು. ಅವಳು ಎದುರಿಗೇ ನಿಂತಿದ್ದಳು, ಪ್ರತಿಯೊಂದು ಮಾತೂ ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡೇ ಬರೆದಿದ್ದಳು. ಇದು ಸುಣ್ಣದಕ್ಕನಿಗೆ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹಾಗಾದರೆ ಯಾರೂ ತನ್ನನ್ನು ಕೇಳಿಸಿಕೊಂಡಿರಲಿಲ್ಲ. ಇಡೀ ವರ್ಷ ಬೀದಿಯಲ್ಲಿ ಎದೆಯೆತ್ತಿ ಹೇಳಿಕೊಂಡು ತಿರುಗಿದ್ದೆಲ್ಲ ಸುಳ್ಳು. ಅವಳ ಬೈಗುಳ ಅವಳದೇ ಬಾಯಲ್ಲಿ ಭಿಕ್ಷೆಯಾಗಿತ್ತು. ಅದರ ದುಡ್ಡಲ್ಲಿ ಮಗಳು ಓದುತ್ತಿದ್ದಳು.

ಅಲ್ಲಿ ಮೈಕಿನಲ್ಲಿ ಮಗಳ ಹೆಸರು ಕೂಗಿದರು.

"ಅಮ್ಮ, ಕರೀತಿದ್ದಾರೆ. ಎದ್ದು ಥ್ಯಾಂಕ್ಸ್ ಹೇಳ್ಬೇಕಂತೆ. ಏನ್ ಮಾಡ್ಲಿ?"

ಸುಣ್ಣದಕ್ಕ ಫೋನನ್ನು ಬಾಯಿಯ ಹತ್ತಿರ ತಂದಳು. "ಹೇಳು," ಅಂದಳು. "ಥ್ಯಾಂಕ್ಸ್ ಹೇಳಿ ಕೂತ್ಕೋ. ಏನು ಬರ್ಕೊಂಡ್ರೆ ಏನು, ನನ್ನ ಮೈಯೇನು ಸವೆಯುತ್ತಾ? ನಿನ್ನ ಓದು ಮುಗೀಲಿ."

"ನೀನು ಅಂದದ್ದಲ್ಲ ಅದು ಅಮ್ಮ."

"ಹೇಳ್ತಿದ್ದೀನಲ್ಲ, ಹೇಳಿ ಕೂತ್ಕೋ! ನಿನಗೆ ಕೈ ಮುಗೀತೀನಿ ಕಣೇ."

ಫೋನು ಲೋಟಕ್ಕೆ ಒರಗಿತು. ಕುರ್ಚಿ ಸರಿದ ಸದ್ದು. ಮಗಳು ಆ ಭಾಷೆಯಲ್ಲಿ ಏನೋ ಒಂದು ಮಾತಾಡಿದಳು. ಆಮೇಲೆ ಅಷ್ಟು ಜನರ ಮುಂದೆ, ಮೈಕಿನಲ್ಲಿ, ನಮ್ಮ ಮಾತು ಬಂತು.

"ನನ್ನ ಮಗಳ ಕಾಲು ಈ ನೀರಿಗೆ ತಾಗಬಾರ್ದು ಅಂತ ನನ್ನ ಕಾಲು ಕೊಟ್ಟಿದ್ದೀನಿ ಕಣ್ರೇ."

ಹೇಳಿ ಅದನ್ನೇ ಅವರ ಭಾಷೆಯಲ್ಲಿ ಹೇಳಿದಳು. ಇನ್ನೊಂದು ಸಾಲು ನಮ್ಮದು. ಮತ್ತೆ ಅವರದು. ಒಂದೊಂದನ್ನೇ. ಹೊಟ್ಟೆಗೆ ಏನು ತಿಂತೀರಿ ಅನ್ನುವಾಗ ಚಮಚಗಳ ಸದ್ದು ನಿಂತಿತು. ಅಳೋಕೆ ನಾವು ಕೂಲಿಗೆ ಬಂದಿಲ್ಲ ಅಂದಾಗ ಯಾರೋ ಒಬ್ಬರು ರೂಢಿಯಿಂದ ಚಪ್ಪಾಳೆ ಶುರು ಮಾಡಿ, ಯಾರೂ ತಟ್ಟದ್ದು ನೋಡಿ ನಿಲ್ಲಿಸಿದರು. ಮಗಳು ಥ್ಯಾಂಕ್ಸ್ ಹೇಳಲಿಲ್ಲ.

"ಅಯ್ಯೋ, ಕೆಟ್ಟೆಯಲ್ಲೇ, ಕೆಟ್ಟೆಯಲ್ಲೇ," ಅಂತ ಸುಣ್ಣದಕ್ಕ ಫೋನಿಗೆ ಕೂಗುತ್ತಿದ್ದಳು. ಅಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಫೋನನ್ನು ಯಾರೋ ಎತ್ತಿಕೊಂಡರು. ಮೇಡಂ, ಅವಳೂ ಆ ಊಟಕ್ಕೆ ಬಂದಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು, ಹಟ ಹಿಡಿದ ಮಕ್ಕಳನ್ನು ಸಂಭಾಳಿಸಿದವಳ ದಣಿವು.

"ನೀವೇ ಹೇಳಿಕೊಟ್ಟದ್ದಾ ಇದು?"

"ಇಲ್ಲ ಮೇಡಂ. ಥ್ಯಾಂಕ್ಸ್ ಹೇಳು ಅಂದೆ."

"ನೀವು ಅಂದದ್ದನ್ನ ಹಾಗೇ ಬರೆದಿದ್ರೆ ನಿಮ್ಮ ಮಗಳು ಈ ದೇಶ ನೋಡ್ತಾನೇ ಇರ್ಲಿಲ್ಲ. ನಾನು ನಿಮಗೆ ಉಪಕಾರ ಮಾಡಿದ್ದೆ. ಮುಂದಿನ ವರ್ಷದ ದುಡ್ಡು ಮರೆತುಬಿಡಿ. ಅವಳು ಇಲ್ಲಿರೋ ಹಾಗಿಲ್ಲ."

"ವಾಪಸ್ ಬರೋಕೆ ಟಿಕೆಟ್ ಆದ್ರೂ ಕೊಡ್ತೀರಾ?"

ಮೇಡಂ ಫೋನ್ ಕತ್ತರಿಸಿದಳು.

ಸುಣ್ಣದಕ್ಕ ಗುಂಡಿಯ ಅಂಚಿನಲ್ಲಿ ಕೂತು ಅತ್ತಳು. ಬಿಕ್ಕಿ ಬಿಕ್ಕಿ, ಸುತ್ತ ಜನ ಇದ್ದಾರೆ ಅಂತ ನೋಡದೆ ಅತ್ತಳು. ಹೆಮ್ಮೆಗೆ ಅತ್ತಳು ಅಂತ ಯಾರಾದರೂ ಅಂದರೆ ನಂಬಬೇಡಿ. ಮಗಳು ಬರುತ್ತಾಳೆ. ಬಂದರೆ ಈ ಊರಲ್ಲಿ ಆ ಹುಡುಗಿಗೆ ಇರುವುದು ಈ ಗುಂಡಿ ಒಂದೇ. ಅದಕ್ಕೆ ಅತ್ತಳು. ಕ್ಯಾಮೆರಾದವನು ಬೇಡಿದಾಗ ಬಾರದ ಅಳು ಈಗ ನಿಲ್ಲಿಸಿದರೂ ನಿಲ್ಲಲಿಲ್ಲ. ಹೆಂಗಸರು ಬೆನ್ನು ಸವರಿದರು. ಸೈರನ್ ಆಯಿತು, ಒಬ್ಬೊಬ್ಬರೇ ಎದ್ದು ನೀರಿಗಿಳಿದರು.

ಸುಣ್ಣದಕ್ಕ ಮೂಗು ಸೀಟಿದಳು. ಎದ್ದಳು. ನೆಟ್ಟಗೆ ಮೇಸ್ತ್ರಿಯ ಮೇಜಿನ ಹತ್ತಿರ ಹೋದಳು.

"ಮೇಸ್ತ್ರಿ, ಇನ್ನೊಂದು ಆಳಿಗೆ ಕೆಲಸ ಇದೆಯಾ?"

ಮೇಸ್ತ್ರಿ ತಲೆಯೆತ್ತಲಿಲ್ಲ. "ಯಾರಿಗೆ?"

"ನನ್ನ ಮಗಳಿಗೆ. ಬಾಯಿ ಮಾತ್ರ ಜೋರು. ಈಗಲೇ ಹೇಳಿರ್ತೀನಿ."